ಉಬ್ಬಿಗೆ ರೋಗದ ಹೆಸರಿಡುವ ಮೊದಲು

ಉಡುಪಿ
ಆಟಿ ತಿಂಗಳು

ಚಿ. ಸುಷ್ಮಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ಸ್ವರ ಸಣ್ಣದಾಗಿತ್ತು. ಸ್ಕೂಟರಿನಿಂದ ಜಾರಿ ಬಿದ್ದ ಹುಡುಗ, ಎಲುಬು ಮುರಿದಿದೆಯೋ ಅಂತ ನೋಡಲು ತೆಗೆದ ಸೊಂಟದ ಎಕ್ಸ್‌ರೇ. ಮುರಿತ ಇಲ್ಲ. ಆದರೆ ಬಲಗಡೆ ತೊಡೆ ಎಲುಬಿನ ಗುಂಡಿಗೂ (ಚೆಂಡಿನಂಥ ಮೇಲ್ತುದಿಗೂ) ಅದರ ಕೆಳಗಿನ ಕುತ್ತಿಗೆಗೂ ನಡುವೆ ಒಂದು ಉಬ್ಬು ಕಂಡಿತು. ಕೊನೆಯ ಸಾಲಿನಲ್ಲಿ ನೀನು 'ಹಿಪ್ ಇಂಪಿಂಜ್‌ಮೆಂಟ್, ಕ್ಯಾಮ್ ವಿಧ' ಅಂತ, ಅಂದರೆ ಸೊಂಟದ ಕೀಲಿನಲ್ಲಿ ಎಲುಬಿಗೆ ಎಲುಬು ತಾಗುವ ರೋಗ ಅಂತ ಬರೆದೆ. ಮನೆಯವರು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಹೆದರಿ ಅವನ ಕಬಡ್ಡಿ ನಿಲ್ಲಿಸಿದರು. ನಿಮ್ಮ ಮೇಡಂ ತಿದ್ದುಪಡಿ ಬರೆ ಅಂದರು. 'ಕಂಡದ್ದನ್ನು ಬರೆದರೆ ತಪ್ಪೇನು ದೊಡ್ಡಪ್ಪ?' ಅಂತ ಕೇಳಿದೆ. ರೇಡಿಯಾಲಜಿಗೆ ಸೇರಿದ ಮೊದಲ ವರ್ಷದಲ್ಲೇ ಈ ಪ್ರಶ್ನೆ ನಿನಗೆ ಬಂದದ್ದು ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಈ ಕಾಗದ.

ಕಂಡದ್ದನ್ನು ಬರೆಯಲೇಬೇಕು ಮಗಳೇ. ಆದರೆ ನಿನಗೆ ಕಂಡದ್ದು ಉಬ್ಬು, ನೀನು ಬರೆದದ್ದು ರೋಗ. ಆ ಎರಡರ ನಡುವಿನ ದಾರಿಯನ್ನು ಎಕ್ಸ್‌ರೇ ಒಂದೇ ದಾಟಿಸುವುದಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್‌ನ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ತಂಡ 2003ರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ಮುಂದಿಟ್ಟರು. ಸೊಂಟದ ಕೀಲನ್ನು ಗೆರಟೆಯೊಳಗೆ ಕೂತ ಚೆಂಡು ಅಂತ ಭಾವಿಸು. ಚೆಂಡು ಸರಿಯಾದ ಉರುಟಾಗಿಲ್ಲದೆ ಮುಂಭಾಗದಲ್ಲಿ ಉಬ್ಬಿದ್ದರೆ, ತೊಡೆ ಮಡಚಿ ಒಳಕ್ಕೆ ತಿರುಗಿಸುವಾಗ ಆ ಉಬ್ಬು ಗೆರಟೆಯೊಳಗೆ ನುಗ್ಗಿ ಅಂಚಿನ ಹತ್ತಿರದ ಮೃದ್ವಸ್ಥಿಯನ್ನು ಸುಲಿಯುತ್ತದೆ. ಇದು ಕ್ಯಾಮ್. ಗೆರಟೆಯ ಅಂಚೇ ಉದ್ದವಾಗಿ ಚಾಚಿದ್ದರೆ ಎಲುಬಿನ ಕುತ್ತಿಗೆ ಹೋಗಿ ಅಂಚಿಗೆ ಬಡಿದು ಮೊದಲು ಲೇಬ್ರಮ್, ಅಂದರೆ ಅಂಚಿನ ಸುತ್ತಲಿನ ಮೆತ್ತನೆಯ ಪಟ್ಟಿ, ಜಜ್ಜಿಹೋಗುತ್ತದೆ. ಇದು ಪಿನ್ಸರ್. ವಿವರಣೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಆಮೇಲೆ ಜನ ಎಲ್ಲ ಎಕ್ಸ್‌ರೇಗಳಲ್ಲೂ ಉಬ್ಬು ಹುಡುಕತೊಡಗಿದರು. ಹುಡುಕಿದವರಿಗೆ ಸಿಕ್ಕಿತು ಕೂಡ, ನೋವೇ ಇಲ್ಲದವರಲ್ಲಿ.

2010ರಲ್ಲಿ ಕೆನಡಾದಲ್ಲಿ ಸೊಂಟದ ನೋವೇ ಇಲ್ಲದ 200 ಜನರಿಗೆ ಎಂಆರ್‌ಐ ಮಾಡಿದರು. ನೂರಕ್ಕೆ 14 ಜನರಿಗೆ ಒಂದು ಬದಿಯಲ್ಲಾದರೂ ಕ್ಯಾಮ್ ಆಕಾರ ಇತ್ತು. ಗಂಡಸರಲ್ಲಿ ಇದು ಸುಮಾರು ನಾಲ್ವರಿಗೊಬ್ಬರು. 2015ರಲ್ಲಿ ಇಂಥ 26 ಅಧ್ಯಯನಗಳನ್ನು ಒಟ್ಟು ಹಾಕಿ ನೋವಿಲ್ಲದ 2114 ಕೀಲುಗಳ ಲೆಕ್ಕ ತೆಗೆದರು. ಕ್ಯಾಮ್ ಶೇ. 37. ಕ್ರೀಡಾಪಟುಗಳಲ್ಲಿ ಸುಮಾರು ಶೇ. 55, ಉಳಿದವರಲ್ಲಿ ಶೇ. 23. ಎಂಆರ್‌ಐ ಮಾಡಿದವರಲ್ಲಿ ಲೇಬ್ರಮ್ ಹರಿದದ್ದು ಶೇ. 68. ಈ ಕೊನೆಯದನ್ನು ಇನ್ನೊಮ್ಮೆ ಓದು. ನಾಳೆ ಯಾರಾದರೂ ಈ ಹುಡುಗನಿಗೆ ಎಂಆರ್‌ಐ ಮಾಡಿಸಿ 'ಲೇಬ್ರಮ್ ಹರಿದಿದೆ' ಅಂತ ಬರೆದರೆ ಮನೆಯವರ ಗತಿ ಏನು? ಅದೂ ನೋವಿಲ್ಲದ ಸೊಂಟದಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಯೇ.

ನಿನ್ನ ಹುಡುಗ ಕಬಡ್ಡಿ ಆಡುವವ. ಹತ್ತು-ಹದಿನಾಲ್ಕರ ವಯಸ್ಸಿನಲ್ಲಿ, ಬೆಳವಣಿಗೆಯ ಪದರ ಇನ್ನೂ ತೆರೆದಿರುವಾಗ ಜೋರಾಗಿ ಆಡಿದ ಮಕ್ಕಳಲ್ಲಿ ಈ ಉಬ್ಬು ಹೆಚ್ಚು. ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿ ಆಡುವ ಹುಡುಗರಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಪದರ ಕೂಡಿಕೊಂಡ ಮೇಲೆ ಆಕಾರ ಹೆಚ್ಚೇನೂ ಬದಲಾಗುವುದಿಲ್ಲ. ಅಂದರೆ ಅದು ಎಲುಬು ಆಟಕ್ಕೆ ಒಗ್ಗಿಕೊಂಡು ಬೆಳೆದ ಗುರುತು ಇರಬಹುದು.

ಹಾಗಾದರೆ ರೋಗ ಅಂತ ಯಾವಾಗ ಹೇಳುವುದು? ತಜ್ಞರು ಸೇರಿ ಒಪ್ಪಿಕೊಂಡ 2016ರ ವಾರ್ವಿಕ್ ಒಪ್ಪಂದದಲ್ಲಿ ಇದಕ್ಕೆ ಉತ್ತರ ಉಂಟು: ರೋಗಿ ಹೇಳುವ ತೊಂದರೆ, ಪರೀಕ್ಷೆಯಲ್ಲಿ ಸಿಗುವ ಲಕ್ಷಣ, ಚಿತ್ರದಲ್ಲಿ ಕಾಣುವ ಆಕಾರ, ಈ ಮೂರೂ ಒಟ್ಟಿಗೆ ಇರಬೇಕು. ತೊಂದರೆ ಅಂದರೆ ತೊಡೆಸಂದಿನ ನೋವು. ತುಂಬಾ ಹೊತ್ತು ಕೂತರೆ, ಕಾರಿನಿಂದ ಇಳಿಯುವಾಗ, ಕುಕ್ಕರಗಾಲಿನಲ್ಲಿ ಕೂತಾಗ ಅದು ಜಾಸ್ತಿ. ನಮ್ಮ ಕಡೆ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಮೆಟ್ಟುಕತ್ತಿಯ ಮೇಲೆ ಕೂತು ಕಾಯಿ ತುರಿಯಲು ಆಗುತ್ತದೋ? ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಏಳಲು ಕಷ್ಟವೋ? ಯಕ್ಷಗಾನ ಮೇಳದಲ್ಲಿ ಕುಣಿಯುವವರಾದರೆ ಮಂಡಿ ಹಾಕುವಾಗ ಎಲ್ಲಿ ಹಿಡಿಯುತ್ತದೆ? ಪರೀಕ್ಷೆ ಅಂದರೆ ಸೊಂಟವನ್ನು 90 ಡಿಗ್ರಿ ಮಡಚಿ, ತೊಡೆಯನ್ನು ಒಳಕ್ಕೆ ತಂದು, ಒಳಕ್ಕೆ ತಿರುಗಿಸಿ ನೋಡುವುದು. ಅದರಲ್ಲಿ ನೋವೇ ಬಾರದಿದ್ದರೆ ಇಂಪಿಂಜ್‌ಮೆಂಟಿನ ಸಂಭವ ಕಡಿಮೆ. ನೋವು ಬಂದ ಮಾತ್ರಕ್ಕೆ ಸಾಬೀತಾಗುವುದೂ ಇಲ್ಲ, ಆ ಭಂಗಿಯಲ್ಲಿ ಬೇರೆ ಬೇರೆ ತೊಂದರೆಗಳೂ ನೋಯುತ್ತವೆ. ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂತ ನಿನ್ನ ಕೈಯಲ್ಲಿದ್ದದ್ದು ಮೂರರಲ್ಲಿ ಒಂದು.

ಇನ್ನು ಚಿತ್ರದ ವಿಷಯ. ಇಲ್ಲಿ ನೀನು ತಾಳ್ಮೆಯಿಂದ ಓದಬೇಕು, ಯಾಕೆಂದರೆ ಎಷ್ಟೋ ಉಬ್ಬುಗಳನ್ನು ಚಿತ್ರ ತೆಗೆದ ರೀತಿಯೇ ಹುಟ್ಟಿಸುತ್ತದೆ, ಅಥವಾ ಅಡಗಿಸುತ್ತದೆ.

ಎರಡೂ ಸೊಂಟ ಬರುವ, ಮುಂದಿನಿಂದ ಹಿಂದಕ್ಕೆ ಕಿರಣ ಹಾಯಿಸಿ ತೆಗೆದ ಎಪಿ ಪೆಲ್ವಿಸ್ (ಸೊಂಟದ ಎಲುಬುಗೂಡಿನ) ಚಿತ್ರವೇ ಬೇಕು. ಒಂದೇ ಕೀಲಿಗೆ ಕಿರಣ ನೆಟ್ಟು ತೆಗೆದದ್ದರಲ್ಲಿ ಬಟ್ಟಲಿನ (ಮೇಲೆ ಗೆರಟೆ ಅಂದೆನಲ್ಲ, ಅದೇ) ಅಂಚುಗಳ ನೆರಳು ಬೇರೆಯೇ ಜಾಗಕ್ಕೆ ಬೀಳುತ್ತದೆ, ಅದರಲ್ಲಿ ಬಟ್ಟಲಿನ ಓರೆಯನ್ನು ಅಳೆಯಬೇಡ. ಟ್ಯೂಬಿನಿಂದ ಫಿಲ್ಮಿಗೆ 120 ಸೆಂ.ಮೀ. ಕಿರಣದ ನಡು ಸಿಂಫಿಸಿಸ್‌ಗೂ (ಪೆಲ್ವಿಸ್‌ನ ಎರಡು ಬದಿ ಮುಂದೆ ಕೂಡುವ ಜಾಗ) ಎರಡು ಮುಂಚಪ್ಪೆಗಳನ್ನು (ಸೊಂಟದ ಮುಂದೆ ಕೈಗೆ ಸಿಗುವ ಎಲುಬಿನ ಮೊನೆಗಳು) ಸೇರಿಸುವ ಗೆರೆಗೂ ಮಧ್ಯದಲ್ಲಿ. ಪಾದಗಳು 15 ಡಿಗ್ರಿ ಒಳಕ್ಕೆ ತಿರುಗಿರಬೇಕು, ಆಗ ಕುತ್ತಿಗೆ ಪೂರ್ತಿ ಉದ್ದಕ್ಕೆ ಕಾಣುತ್ತದೆ. ಬಿದ್ದು ನೋವಿನಲ್ಲಿ ಬಂದವರ ಪಾದ ಸಾಮಾನ್ಯವಾಗಿ ಹೊರಕ್ಕೆ ವಾಲಿರುತ್ತದೆ. ಕಿರಿಯ ಟ್ರೋಕಾಂಟರ್ (ಕುತ್ತಿಗೆಯ ಕೆಳಗೆ ಒಳಬದಿಯ ಸಣ್ಣ ಗಂಟು) ದೊಡ್ಡದಾಗಿ ಕಂಡರೆ ಕಾಲು ಹೊರಕ್ಕೆ ತಿರುಗಿದೆ ಅಂತ ತಿಳಿ. ಆ ಚಿತ್ರದಲ್ಲಿ ಕುತ್ತಿಗೆಯ ರೂಪದ ಬಗ್ಗೆ ಏನೂ ಹೇಳಲು ಹೋಗಬೇಡ. ನಿನ್ನ ಹುಡುಗನ ಚಿತ್ರದಲ್ಲೂ ಮೊದಲು ಇದನ್ನೇ ನೋಡು.

ಆಮೇಲೆ ಪೆಲ್ವಿಸ್ ನೆಟ್ಟಗಿದೆಯೋ ಅಂತ ನೋಡು. ಪೆಲ್ವಿಸ್‌ನ ಕೆಳಭಾಗದ ಎರಡು ದೊಡ್ಡ ತೂತುಗಳು, ಅಬ್ಟುರೇಟರ್ ರಂಧ್ರಗಳು, ಒಂದೇ ಆಕಾರದಲ್ಲಿರಬೇಕು, ಬಾಲದೆಲುಬಿನ ತುದಿ ಸಿಂಫಿಸಿಸ್‌ನ ನೇರಕ್ಕೆ ಬರಬೇಕು. ಮುಂದಕ್ಕೆ ಬಾಗಿದೆಯೋ ಅಂತ ತಿಳಿಯಲು ಸೇಕ್ರಮ್ (ಬೆನ್ನೆಲುಬಿನ ಬುಡದ ಎಲುಬು) ಮತ್ತು ಬಾಲದೆಲುಬು ಕೂಡುವ ಜಾಗದಿಂದ ಸಿಂಫಿಸಿಸ್‌ನ ಮೇಲಂಚಿನವರೆಗೆ ಅಳೆ. ಗಂಡಸರಲ್ಲಿ ಸುಮಾರು 32 ಮಿ.ಮೀ., ಹೆಂಗಸರಲ್ಲಿ ಸುಮಾರು 47 ಮಿ.ಮೀ. ಸಾಧಾರಣ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಪೆಲ್ವಿಸ್ ಮುಂದಕ್ಕೆ ಬಾಗಿದೆ. ಆಗ ಬಟ್ಟಲಿನ ಮುಂದಿನ ಅಂಚಿನ ಗೆರೆ ಹಿಂದಿನ ಅಂಚಿನ ಗೆರೆಯನ್ನು ಅಡ್ಡ ದಾಟಿದ ಹಾಗೆ ಕಾಣುತ್ತದೆ. ಅದೇ ಕ್ರಾಸ್‌ಓವರ್ ಚಿಹ್ನೆ, ಬಟ್ಟಲು ಹಿಂದಕ್ಕೆ ತಿರುಗಿದೆ ಅನ್ನುವುದಕ್ಕೆ ಸಾಕ್ಷಿ ಅಂತ ಪುಸ್ತಕದಲ್ಲಿ ಓದಿರುತ್ತೀ. ಬರೀ ಬಾಗುವಿಕೆಯಿಂದಲೂ ಅದು ಹುಟ್ಟುತ್ತದೆ. ಕೆಳಗಿನ ಮುಂಚಪ್ಪೆ ಮುಳ್ಳು ದೊಡ್ಡದಿದ್ದರೆ ಅದರ ನೆರಳು ಅಂಚಿನ ಮೇಲೆ ಬಿದ್ದೂ ಹುಟ್ಟುತ್ತದೆ. ಹಿಂದಿನ ಅಂಚು ಗುಂಡಿನ ನಡುಬಿಂದುವಿನ ಒಳಗೇ ಉಳಿದಿದೆಯೋ, ಇಶಿಯಲ್ ಮುಳ್ಳು (ಪೆಲ್ವಿಸ್‌ನ ಹಿಂಬದಿಯ ಮೊನೆ) ಪೆಲ್ವಿಸ್‌ನ ಒಳಕ್ಕೆ ಚಾಚಿ ಕಾಣುತ್ತದೋ, ಇವೂ ಜೊತೆಗಿದ್ದರೆ ಮಾತ್ರ ಆ ಚಿಹ್ನೆಗೆ ಬೆಲೆ ಕೊಡು.

ಉಬ್ಬು ಎಷ್ಟು ಅಂತ ತೋರಿಸುವ ಆಲ್ಫಾ ಕೋನ ಅಳೆಯುವಾಗ ಕೈ ನಿಧಾನ ಮಾಡು. ಗುಂಡಿನ ಸುತ್ತ ಸರಿಯಾಗಿ ಹೊಂದುವ ವೃತ್ತ ಇಡು. ಕುತ್ತಿಗೆಯ ಅತಿ ಸಣ್ಣ ಭಾಗದ ನಡುವಿನಿಂದ ವೃತ್ತದ ಕೇಂದ್ರಕ್ಕೆ ಒಂದು ಗೆರೆ. ಎಲುಬು ಮೊದಲು ವೃತ್ತವನ್ನು ಬಿಟ್ಟು ಹೊರಬರುವ ಜಾಗಕ್ಕೆ ಕೇಂದ್ರದಿಂದ ಇನ್ನೊಂದು ಗೆರೆ. ಇವೆರಡರ ನಡುವಿನದ್ದೇ ಕೋನ. ವೃತ್ತ ಕೊಂಚ ಚಿಕ್ಕದಾದರೂ ಎಲುಬು ಬೇಗ ಹೊರಬಿದ್ದು ಕೋನ ಏರಿಬಿಡುತ್ತದೆ. ಎಪಿ ಚಿತ್ರದಲ್ಲಿ ಕಾಣುವುದು ಮೇಲಿನ ಬದಿಯ ಉಬ್ಬು ಮಾತ್ರ. ಕ್ಯಾಮ್ ಹೆಚ್ಚಾಗಿ ಇರುವುದು ಮುಂದೆ ಮತ್ತು ಮೇಲೆ. ಅದನ್ನು ಕಾಣಲು ಸೊಂಟವನ್ನು 45 ಡಿಗ್ರಿ ಮಡಚಿ, 20 ಡಿಗ್ರಿ ಹೊರಕ್ಕೆ ಸರಿಸಿ ತೆಗೆಯುವ ಡನ್ ವ್ಯೂ ಬೇಕು. ನೋವಿದ್ದು ಶಸ್ತ್ರಚಿಕಿತ್ಸಕರು ಕೇಳಿದರೆ ತೆಗೆ. ನೋವಿಲ್ಲದವರನ್ನು ಮತ್ತೆ ಕರೆಸಿ ಕುತೂಹಲಕ್ಕೆ ತೆಗೆಯಬೇಡ, ಬೆಳೆಯುವ ಹುಡುಗರ ಪೆಲ್ವಿಸ್‌ಗೆ ಅನಾವಶ್ಯಕ ವಿಕಿರಣ ಯಾಕೆ?

ಮಿತಿ ಎಷ್ಟು ಅನ್ನುವುದರಲ್ಲೂ ಎಚ್ಚರ ಇರಲಿ. 2002ರಲ್ಲಿ ನಾಟ್ಜ್ಲಿ ಈ ಕೋನವನ್ನು ಪರಿಚಯಿಸಿದ ಮೇಲೆ 50, 55 ಡಿಗ್ರಿ ದಾಟಿದರೆ ಹೆಚ್ಚು ಅಂತ ಹಿಡಿಯುತ್ತಿದ್ದರು. ಮೇಲೆ ಹೇಳಿದ 2015ರ ಲೆಕ್ಕದಲ್ಲಿ ನೋವಿಲ್ಲದ ಕೀಲುಗಳ ಸರಾಸರಿಯೇ 54 ಡಿಗ್ರಿ! 50ರಲ್ಲಿ ಗೆರೆ ಎಳೆದರೆ ಅರ್ಧ ಊರು ರೋಗಿಗಳಾಗಬೇಕು. ಈಗ 60 ಅನ್ನುವುದೇ ಹೆಚ್ಚು ಸಮಂಜಸ.

ಪಿನ್ಸರ್‌ಗೆ ವೀಬರ್ಗ್ 1939ರಲ್ಲಿ ಕೊಟ್ಟ ಸೆಂಟರ್-ಎಡ್ಜ್ ಕೋನ ಸಾಕು, ಬಟ್ಟಲು ಗುಂಡನ್ನು ಎಷ್ಟು ಮುಚ್ಚಿದೆ ಅಂತ ಅದು ತೋರಿಸುತ್ತದೆ. 25ರಿಂದ 39 ಸರಿ, 40 ಮತ್ತು ಮೇಲೆ ಇದ್ದರೆ ಬಟ್ಟಲು ಹೆಚ್ಚು ಮುಚ್ಚಿದೆ. ಕೋಕ್ಸಾ ಪ್ರೊಫುಂಡಾ, ಅಂದರೆ ಆಳವಾಗಿ ಕಾಣುವ ಬಟ್ಟಲು, ಕಂಡರೆ ಪಿನ್ಸರ್ ಅಂತ ಬರೆಯುವ ಅಭ್ಯಾಸ ಬಿಡು, ಒಳ್ಳೆಯ ಕೀಲಿನ ಹೆಂಗಸರಲ್ಲೂ ಅದು ಸಾಮಾನ್ಯ. ಕುತ್ತಿಗೆಯಲ್ಲಿ ಕಾಣುವ ಸಣ್ಣ ಉರುಟು ಹೊಂಡವೂ ಹಾಗೆಯೇ.

ಆದರೆ ಒಂದು ಮಾತು. ಉಬ್ಬಿನ ಬಗ್ಗೆ ಸಮಾಧಾನ ಹೇಳುವ ಭರದಲ್ಲಿ ಅದೇ ಚಿತ್ರದಲ್ಲಿರುವ ನಿಜವಾದ ಅಪಾಯ ತಪ್ಪಿಹೋಗಬಾರದು. ಹನ್ನೆರಡು-ಹದಿಮೂರರ ಮಗು ಮೊಣಕಾಲು ನೋವು ಅಂತ ಕುಂಟುತ್ತಾ ಬಂದು ಚಿತ್ರದಲ್ಲಿ ಗುಂಡು ಓರೆಯಾಗಿದ್ದರೆ, ಅದು ಬೆಳವಣಿಗೆಯ ಪದರದಲ್ಲಿ ಗುಂಡೇ ಜಾರಿದ್ದಾಗಿರಬಹುದು. ಎರಡನೇ ದಿಕ್ಕಿನ ಚಿತ್ರ ಕೇಳು, ಅದೇ ದಿನ ಫೋನ್ ಮಾಡು, ಮಗುವನ್ನು ನಡೆಯಲು ಬಿಡಬೇಡಿ ಅನ್ನು. ಓಡುವ ಹುಡುಗ ಹುಡುಗಿಯರ ಕುತ್ತಿಗೆಯಲ್ಲಿ ಮಸುಕಾದ ಬಿಳಿ ಗೆರೆ ಇದ್ದರೆ ಆಯಾಸದ ಬಿರುಕು ನೆನಪಿಗೆ ಬರಲಿ. ಗುಂಡಿನೊಳಗೆ ಬಿಳಿ-ಕಪ್ಪು ಮಚ್ಚೆ ಇದ್ದರೆ ರಕ್ತ ಓಡದೆ ಎಲುಬು ಸಾಯುತ್ತಿದೆಯೋ ನೋಡು. ಸೇಕ್ರಮ್ ಪೆಲ್ವಿಸ್‌ಗೆ ಕೂಡುವ ಸೇಕ್ರೋಇಲಿಯಾಕ್ ಕೀಲುಗಳನ್ನು ನೋಡದೆ ಬಿಡಬೇಡ. ಸೆಂಟರ್-ಎಡ್ಜ್ ಕೋನ 20ಕ್ಕಿಂತ ಕಡಿಮೆ ಇದ್ದರೆ ಅದು ಬಟ್ಟಲು ಸಾಲದ ಕೀಲು. ಅಂಥವರ ಅಂಚನ್ನು ಪಿನ್ಸರ್ ಅಂತ ಕೆತ್ತಿದರೆ ಕೀಲೇ ಸಡಿಲವಾಗುತ್ತದೆ.

'ಈಗ ನೋವಿಲ್ಲ, ಮುಂದೆ ಸವೆಯುವುದಿಲ್ಲವೇ?' ಅಂತಲೂ ಕೇಳಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾವಿರದಷ್ಟು ಜನರನ್ನು 5 ವರ್ಷ ಗಮನಿಸಿ 2013ರಲ್ಲಿ ಬರೆದಿದ್ದಾರೆ. ಕೋನ 60 ದಾಟಿದವರಲ್ಲಿ ಕೀಲು ಪೂರ್ತಿ ಸವೆಯುವ ಸಂಭವ ಮೂರೂವರೆ ಪಟ್ಟಿಗಿಂತ ಜಾಸ್ತಿ, 83 ದಾಟಿದವರಲ್ಲಿ ಒಂಬತ್ತು ಪಟ್ಟಿಗಿಂತ ಜಾಸ್ತಿ. 83 ದಾಟಿ, ಒಳತಿರುವೂ 20 ಡಿಗ್ರಿಯೊಳಗೆ ಸೀಮಿತವಾದವರಲ್ಲಿ ಸುಮಾರು ಅರ್ಧ ಜನರಿಗೆ ಆಯಿತು. ಆದರೆ ಅವರು ಯಾರು? 45 ದಾಟಿದವರು, ಮೊದಲೇ ಸೊಂಟವೋ ಮೊಣಕಾಲೋ ನೋಯುತ್ತಿದ್ದವರು. ಇಪ್ಪತ್ತರ ಕಬಡ್ಡಿ ಆಟಗಾರನಿಗೆ ಆ ಲೆಕ್ಕವನ್ನು ಹಾಗೇ ಅಂಟಿಸಬಾರದು. ಅದೇ ಜನರಲ್ಲಿ ಪಿನ್ಸರ್ ಇದ್ದವರಿಗೆ ಸವೆತ ಹೆಚ್ಚಾಗಲೂ ಇಲ್ಲ.

ಮುಂಜಾಗ್ರತೆಗೆ ಉಬ್ಬು ಕೆತ್ತಿಸಿಬಿಡೋಣ ಅನ್ನುವವರು ಸಿಗುತ್ತಾರೆ. ಕೀಲಿನೊಳಗೆ ಕೊಳವೆ ಹಾಕಿ ಮಾಡುವ ಆಪರೇಷನ್ನನ್ನು ಬ್ರಿಟನ್ನಿನಲ್ಲಿ 348 ಜನರ ಮೇಲೆ ವ್ಯಾಯಾಮ ಚಿಕಿತ್ಸೆಯ ಜೊತೆ ಹೋಲಿಸಿದರು, 2018ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ನಂತರ ಆಪರೇಷನ್ ಆದವರು 100ರ ಅಳತೆಯಲ್ಲಿ ಸುಮಾರು 7 ಅಂಕ ಮುಂದಿದ್ದರು. ಲಾಭ ಉಂಟು, ದೊಡ್ಡದಲ್ಲ. ಅವರೆಲ್ಲ ನೋವಿದ್ದವರು. ನೋವೇ ಇಲ್ಲದವನಿಗೆ ಕಡಿಮೆ ಮಾಡಲು ಏನಿದೆ? ಕಾಲನ್ನು ಎಳೆದು ಹಿಡಿಯುವುದರಿಂದ ನರ ಮರಗಟ್ಟುವುದು, ಹೆಚ್ಚು ಕೆತ್ತಿದರೆ ಕುತ್ತಿಗೆ ಮುರಿಯುವುದು, ಇವು ಮಾತ್ರ ಅವನ ಪಾಲಿಗೆ ಬರಬಹುದು.

ತಿದ್ದುಪಡಿಯನ್ನು ಹೀಗೆ ಬರೆ. ಕಂಡ ವಿವರದ ಭಾಗದಲ್ಲಿ: 'ಬಲ ತೊಡೆ ಎಲುಬಿನ ಗುಂಡು-ಕುತ್ತಿಗೆ ಸೇರುವಲ್ಲಿ ಕ್ಯಾಮ್ ಆಕಾರ, ಎಪಿ ಚಿತ್ರದಲ್ಲಿ ಆಲ್ಫಾ ಕೋನ ಇಷ್ಟು. ಕೀಲಿನ ಅಂತರ ಸರಿಯಿದೆ.' ಕಾಲು ತಿರುಗಿದ್ದರೆ ಅದನ್ನೂ ಬರೆ, ಕೋನ ಬಿಟ್ಟುಬಿಡು. ಕೊನೆಯ ಸಾಲಿನಲ್ಲಿ ಮೊದಲು 'ಮುರಿತ ಇಲ್ಲ', ಅವರು ಕೇಳಿ ಬಂದದ್ದು ಅದನ್ನೇ ಅಲ್ಲವಾ. ಆಮೇಲೆ: 'ಈ ಆಕಾರ ನೋವಿಲ್ಲದವರಲ್ಲೂ ಸಾಮಾನ್ಯ. ತೊಡೆಸಂದಿನ ನೋವು ಮತ್ತು ಪರೀಕ್ಷೆಯ ಲಕ್ಷಣ ಇದ್ದರೆ ಮಾತ್ರ ಮುಂದಿನ ತಪಾಸಣೆ.' ಇಂಪಿಂಜ್‌ಮೆಂಟ್ ಅನ್ನುವ ಪದ ಎಲ್ಲೂ ಬೇಡ.

ಬರೆದು ಮುಗಿದ ಮೇಲೆ ಕಾಗದ ಕಳಿಸಿ ಸುಮ್ಮನಾಗಬೇಡ. ಅವನನ್ನು ಕಳಿಸಿದ ಡಾಕ್ಟರಿಗೆ ಫೋನ್ ಮಾಡಿ ಮೂರು ಸಂಗತಿ ಕೇಳಿಕೋ: ಬೀಳುವ ಮೊದಲು ತೊಡೆಸಂದು ನೋಯುತ್ತಿತ್ತೋ, ಈಗ ಒಳತಿರುವು ಎರಡು ಬದಿಗೂ ಒಂದೇ ರೀತಿ ಇದೆಯೋ, ತಿರುಗಿಸುವಾಗ ನೋವು ಬರುತ್ತದೋ. ಮೂರರಲ್ಲೂ ತೊಂದರೆ ಇಲ್ಲ ಅಂತಾದರೆ, ಬಿದ್ದ ಪೆಟ್ಟು ವಾಸಿಯಾದ ಕೂಡಲೇ ಹುಡುಗ ಆಟಕ್ಕೆ ಹೋಗಬಹುದು ಅಂತ ತಾಯಿಗೆ ತಿಳಿಸಲು ಅವರಿಗೇ ಹೇಳು. ತಾಯಿ ನಿನ್ನ ಹತ್ತಿರವೇ ಬಂದರೆ ಕೂರಿಸಿ ಮಾತಾಡು, ಕೋನದ ಲೆಕ್ಕ ಬೇಡ. ಅವನ ಎಲುಬಿನ ಆಕಾರ ಹೀಗೆ, ಇಂಥದ್ದು ಆಡುವ ಹುಡುಗರಲ್ಲಿ ತುಂಬಾ ಜನರಿಗೆ ಉಂಟು, ತೊಡೆಸಂದು ಕೆಲವು ವಾರ ಬಿಡದೆ ನೋಯತೊಡಗಿದರೆ ಆಗ ಬನ್ನಿ, ಅಷ್ಟು ಸಾಕು.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಬಾ. ಆ ಚಿತ್ರವನ್ನು ಹೆಸರು ಅಳಿಸಿ ತಂದರೆ ವೃತ್ತ ಇಡುವುದನ್ನು ಒಟ್ಟಿಗೆ ಕೂತು ನೋಡೋಣ.

ಇಂತು,
ನಿನ್ನ ದೊಡ್ಡಪ್ಪ