ಗೆಳೆಯನಿಗೊಂದು ಪತ್ರ: ‘ನಮಗ್ಯಾಕೆ’ ಅಂದೆಯಲ್ಲ

ಪ್ರೀತಿಯ ರಘು,

ಮೊನ್ನೆ ಫೋನಿನಲ್ಲಿ, ನೀನಿರೋ ಅಮೆರಿಕದಲ್ಲಿ ಪೊಲೀಸರು ಕಪ್ಪು ಜನರ ಮೇಲೆ ಕೈಮಾಡೋ ವಿಷಯ ಬಂದಾಗ ನೀನಂದ ಮಾತು ಇನ್ನೂ ಕಿವಿಯಲ್ಲೇ ಇದೆ. "ಅದು ಕಪ್ಪು ಜನಕ್ಕೂ ಪೊಲೀಸರಿಗೂ ಇರೋ ಜಗಳ ಮಾರಾಯ. ನಮ್ಮ ಪಾಡಿಗೆ ನಾವಿರೋರು, ನಮಗ್ಯಾಕೆ?" ಆಗ ಉತ್ತರ ಹೊಳೆಯಲಿಲ್ಲ, ಸುಮ್ಮನಾದೆ.

2015ರ ಫೆಬ್ರವರಿ, ಅಮೆರಿಕದ ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರು. ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ನಿಮ್ಮಪ್ಪ ಹೋದ ವರ್ಷ ನಿನ್ನ ಮನೆಗೆ ಬಂದಾಗ ಅಕ್ಕಪಕ್ಕದ ಮನೆಗಳನ್ನು ನೋಡುತ್ತಾ ಹೋಗುತ್ತಿದ್ದರಲ್ಲ, ಹಾಗೆ. ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು: ಸಣಕಲು ಕರಿಯನೊಬ್ಬ ಓಡಾಡುತ್ತಿದ್ದಾನೆ, ಅನುಮಾನ. ಪೊಲೀಸರು ಬಂದು ಏನೇನೋ ಕೇಳಿದರು. "ನೋ ಇಂಗ್ಲಿಷ್, ಇಂಡಿಯಾ" ಅಂದರು ಅಜ್ಜ. ಒಬ್ಬ ಪೊಲೀಸ್ ಅವರ ಕೈಗಳನ್ನು ಹಿಂದಕ್ಕೆ ಹಿಡಿದು, ಮುಖ ಅಡಿಯಾಗುವಂತೆ ನೆಲಕ್ಕೆ ಕೆಡವಿದ. ಕತ್ತಿನ ಮೂಳೆಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ತಪ್ಪಿತು. ಎಲ್ಲವೂ ಪೊಲೀಸ್ ಕಾರಿನ ಕ್ಯಾಮೆರಾದಲ್ಲೇ ಇತ್ತು. ಆದರೂ ಆ ಪೊಲೀಸನ ಮೇಲಿನ ಕೇಸಿನಲ್ಲಿ ಎರಡು ಸಲ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಆ ಪೊಲೀಸನನ್ನು ಖುಲಾಸೆ ಮಾಡಿದರು.

ಆಗ ನಾನು ಏನಂದಿದ್ದೆ ಗೊತ್ತಾ? "ಪಾಪ, ಕರಿಯ ಅಂದ್ಕೊಂಡು ಹೊಡೆದರಂತೆ." ಎಷ್ಟು ಸಲೀಸಾಗಿ ಅಂದಿದ್ದೆ! ಹಾಗಾದರೆ ನಿಜವಾಗಿ ಕಪ್ಪು ಮನುಷ್ಯನೇ ಆಗಿದ್ದರೆ ಹೊಡೆದದ್ದು ಸರಿಯಾ? ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ ಕಣೋ.

ಇನ್ನು ನೀನಿರೋ ಊರು ಮಿನಿಯಾಪೊಲಿಸ್. 2020ರ ಮೇ 25, ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯನ ಕತ್ತಿನ ಮೇಲೆ 9 ನಿಮಿಷ 29 ಸೆಕೆಂಡ್ ಪೊಲೀಸನೊಬ್ಬನ ಮಂಡಿ. ಆತ ಸತ್ತೇ ಹೋದ. ಪೊಲೀಸರ ಮೊದಲ ಹೇಳಿಕೆಯಲ್ಲಿ ಮಂಡಿಯ ಮಾತೇ ಇಲ್ಲ. ಆರೋಗ್ಯ ಕೆಟ್ಟು ಸತ್ತ ಅನ್ನುವಂತಿತ್ತು. ದಾರಿಯಲ್ಲಿದ್ದ 17 ವರ್ಷದ ಹುಡುಗಿ ಮೊಬೈಲಿನಲ್ಲಿ ಹಿಡಿಯದಿದ್ದರೆ ಅದೇ ನಿಜವಾಗಿ ಉಳಿಯುತ್ತಿತ್ತು.

ನಮ್ಮ ಬೆಂಗಳೂರು ಸಾಚಾ ಅಂತೇನಲ್ಲ. 2021ರ ಆಗಸ್ಟಿನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋದ ಹುಡುಗನೊಬ್ಬ ತೀರಿಕೊಂಡ. ಹೃದಯಾಘಾತ ಅಂದರು ಪೊಲೀಸರು. ಅವನ ಕಡೆಯವರು ನಂಬಲಿಲ್ಲ, ಠಾಣೆ ಮುಂದೆ ಸೇರಿದರು. ಲಾಠಿ ಏಟು ತಿಂದರು. ಠಾಣೆಯ ಮುಂದೆ ನಮ್ಮವರೆಷ್ಟು ಜನ ನಿಂತಿದ್ದೆವು? ನಾನಂತೂ ಟೀವಿ ಮುಂದಿದ್ದೆ.

‘ನಮಗ್ಯಾಕೆ’ ಅಂತ ಅಂಬೇಡ್ಕರ್ ಅನ್ನಲಿಲ್ಲ ನೋಡು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಮನವಿ ಕೊಟ್ಟ ಸುದ್ದಿ ಓದಿ, 1946ರಲ್ಲಿ ಅಲ್ಲಿನ ಕಪ್ಪು ಜನರ ನಾಯಕ, ಚಿಂತಕ ಡು ಬೊಯಿಸ್ ಅವರಿಗೆ ಕಾಗದ ಬರೆದರು. ಆ ಮನವಿಯ ಎರಡು ಮೂರು ಪ್ರತಿ ಕಳಿಸಿಕೊಡಿ, ನಮ್ಮ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ. ಡು ಬೊಯಿಸ್ ಉತ್ತರವನ್ನೂ ಬರೆದರು.

ಅಪ್ಪ ಈ ಬೇಸಿಗೆಗೆ ಮತ್ತೆ ಬರ್ತಾರಂತಲ್ಲ. ಒಂದು ಭಾನುವಾರ ಅವರನ್ನು 38ನೇ ಬೀದಿಯಲ್ಲಿ ಫ್ಲಾಯ್ಡ್‌ನನ್ನು ಕೆಡವಿದ್ದ ಆ ಮೂಲೆಗೆ ಕರೆದುಕೊಂಡು ಹೋಗು. ಇಲ್ಲೇನಾಯ್ತು ಅಂತ ಕೇಳೇ ಕೇಳ್ತಾರೆ. ಅವಸರ ಮಾಡದೆ, ಕನ್ನಡದಲ್ಲಿ ಎಲ್ಲಾ ಹೇಳು.

ನಿನ್ನ,
ಶಿವು