ಸಾಲ ಕೊಡುವಾಗ ಕಂಡ ಬಿರುಕು, ಮಾರುವಾಗ ಏಕೆ ಕಾಣಲಿಲ್ಲ?

ಗೆ,
ವ್ಯವಸ್ಥಾಪಕರು,
ಗಿರವಿ ಮತ್ತು ಹಳೆಯ ವಸ್ತುಗಳ ಮಾರಾಟ ವಿಭಾಗ

ವಿಷಯ: ಕುತ್ತಿಗೆ ಮುರಿದಿದ್ದ ಗಿಟಾರನ್ನು ವಿಷಯ ಮುಚ್ಚಿಟ್ಟು ಮಾರಿದ ಬಗ್ಗೆ ದೂರು

ಮಾನ್ಯರೇ,

ಮೂರು ವಾರದ ಹಿಂದೆ ನಿಮ್ಮ ಅಂಗಡಿಯಲ್ಲಿ ಒಂದು ಹಳೆಯ ಅಕೌಸ್ಟಿಕ್ ಗಿಟಾರ್ ಕೊಂಡೆ. ಅದರ ಕುತ್ತಿಗೆ ಮೊದಲೇ ಒಮ್ಮೆ ಮುರಿದಿತ್ತು. ಮುರಿದ ಜಾಗ ಬಣ್ಣದ ಕೆಳಗೆ ಅಡಗಿತ್ತು. ಇದನ್ನು ತಿಳಿಸಲು ನಿಮಗೆ ಎರಡು ಸಲ ಫೋನ್ ಮಾಡಿದೆ, ಒಂದು ಸಲ ನಾನೇ ಬಂದೆ. ಮೂರು ಸಲವೂ ಒಂದೇ ಉತ್ತರ ಸಿಕ್ಕಿತು: ‘ಬಿಲ್ಲಿನ ಕೆಳಗೆ ಇದ್ದ ಹಾಗೇ ಮಾರಾಟ ಅಂತ ಬರೆದಿದೆ, ಓದಿಕೊಳ್ಳಿ.’ ಓದಿಕೊಂಡೆ. ಓದಿದ ಮೇಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಹದಿನಾರು ವರ್ಷದಿಂದ ಇದೇ ಕೆಲಸ. ಕಲಿಯಲು ಬರುವ ಎಲ್ಲರ ಮನೆಯಲ್ಲೂ ಹೊಸ ವಾದ್ಯ ಕೊಳ್ಳುವಷ್ಟು ಹಣ ಇರುವುದಿಲ್ಲ. ಅಂಥವರಿಗಾಗಿ ನಾನು ಗಿರವಿ ಅಂಗಡಿಗಳನ್ನು ಸುತ್ತುತ್ತೇನೆ. ಹೊಸದರಲ್ಲಿ ಪ್ಲೈವುಡ್ ಗಿಟಾರ್ ಬರುವ ಹಣಕ್ಕೆ ಹಳೆಯದರಲ್ಲಿ ಇಡೀ ಹಲಗೆಯ ಗಿಟಾರ್ ಸಿಗುವ ಜಾಗ ಅದು. ತಾಳ್ಮೆ ಬೇಕು ಅಷ್ಟೇ. ಹತ್ತು ಸಲ ಹೋದರೆ ಒಂಬತ್ತು ಸಲ ಬರಿಗೈಯಲ್ಲಿ ಬರುತ್ತೇನೆ. ಹತ್ತನೆಯ ಸಲ ಸಿಗುವ ವಾದ್ಯ ಒಂದು ಮಗುವಿನ ಕೈಯಲ್ಲಿ ಹತ್ತಾರು ವರ್ಷ ನುಡಿಯುತ್ತದೆ. ವಾಲ್ವ್ ಬಿಗಿದುಕೊಂಡಿದೆ ಅಂತ ಯಾರೂ ಮುಟ್ಟದ ಒಂದು ಟ್ರಂಪೆಟ್ ಒಮ್ಮೆ ಸಿಕ್ಕಿತ್ತು. ಬೆಚ್ಚಗಿನ ನೀರಿನಲ್ಲಿ ತೊಳೆದು ಎಣ್ಣೆ ಹಾಕಿದ್ದಷ್ಟೇ, ಮೂರೂ ವಾಲ್ವ್ ಸರಾಗ ಆಡಿದವು. ಅದನ್ನು ಪಡೆದ ಹುಡುಗ ಇವತ್ತಿಗೂ ಅದನ್ನೇ ನುಡಿಸುತ್ತಾನೆ. ಹಾಗಾಗಿ ಗಿರವಿ ಅಂಗಡಿಗಳ ಮೇಲೆ ನನಗೆ ಪ್ರೀತಿಯೇ ಇದೆ. ನಿಮ್ಮ ಅಂಗಡಿಗೂ ಆ ಪ್ರೀತಿಯಿಂದಲೇ ಬಂದಿದ್ದೆ.

ಈ ಗಿಟಾರ್ ನನಗಲ್ಲ. ನನ್ನ ಹತ್ತಿರ ಕಲಿಯುವ ಹದಿನಾಲ್ಕು ವರ್ಷದ ಹುಡುಗಿಗೆ. ಎರಡು ವರ್ಷ ಬೇರೆಯವರ ಗಿಟಾರ್ ಕೇಳಿ ಪಡೆದು ಅಭ್ಯಾಸ ಮಾಡಿದ್ದಾಳೆ. ಒಂದು ವರ್ಷ ಕೂಡಿಟ್ಟ ಹಣವನ್ನು ನನ್ನ ಕೈಗೆ ಕೊಟ್ಟು, ‘ನೀವೇ ನೋಡಿ ತನ್ನಿ’ ಎಂದಳು. ನನಗೆ ಜಾಸ್ತಿ ನೋವಾಗಿರುವುದು ಇಲ್ಲೇ.

ಗಿಟಾರ್ ನಿಮ್ಮ ಗಾಜಿನ ಕಿಟಕಿಯಲ್ಲಿತ್ತು. ಕೆಳಗಿಳಿಸಿ ಕೊಡಲು ಕೇಳಿದೆ. ಮೊದಲು ಮುಂಭಾಗದ ದುಂಡು ಬಾಯಿಯ ಅಂಚು ನೋಡಿದೆ. ಮೇಲಿನ ಮರದ ಗೆರೆಗಳು ಅಂಚಿನಲ್ಲಿ ಮುರಿಯದೆ ಹಾಗೇ ಕೆಳಗಿಳಿದಿದ್ದವು. ಪದರ ಪದರವಾಗಿ ಕಂಡರೆ ಪ್ಲೈವುಡ್, ಗೆರೆ ಹಾಗೇ ಇಳಿದರೆ ಇಡೀ ಹಲಗೆ. ಇದು ಇಡೀ ಹಲಗೆ. ಚಿಕ್ಕ ಕನ್ನಡಿ, ಟಾರ್ಚ್ ಹಾಕಿ ಒಳಗಿನ ಪಟ್ಟಿಗಳನ್ನು ನೋಡಿದೆ. ಯಾವುದೂ ಬಿಟ್ಟುಕೊಂಡಿರಲಿಲ್ಲ. ತಂತಿಗಳ ಕೆಳತುದಿಯನ್ನು ಹಿಡಿದಿಡುವ ಮರದ ತುಂಡು ಬ್ರಿಡ್ಜ್. ಅದರ ಅಂಚಿಗೆ ತೆಳು ಕಾಗದ ತೂರಿಸಿ ನೋಡಿದೆ. ಒಳಗೆ ಹೋಗಲಿಲ್ಲ, ಅಂದರೆ ಬ್ರಿಡ್ಜ್ ಎದ್ದಿಲ್ಲ. ಇಷ್ಟೆಲ್ಲ ಸರಿಯಿದ್ದ ಹಳೆಯ ಗಿಟಾರ್ ಸಿಗುವುದು ಅಪರೂಪ.

ಆದರೆ ತಂತಿಗಳು ಪೂರ್ತಿ ಸಡಿಲವಾಗಿದ್ದವು. ಶ್ರುತಿ ಮಾಡಿ ನುಡಿಸಿ ನೋಡುತ್ತೇನೆ ಎಂದೆ. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಬೆರಳನ್ನು ಸುಮ್ನೆ ತಾಗಿಸಿದರೆ ಬರುವ ಸ್ವರವೂ, ಒತ್ತಿ ಹಿಡಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಅದೊಂದನ್ನು ನೋಡದೆ ಯಾರೂ ಗಿಟಾರ್ ಕೊಳ್ಳಬಾರದು. ನಿಮ್ಮ ಸಿಬ್ಬಂದಿ ಬಿಡಲಿಲ್ಲ. ‘ತಂತಿ ಹಳೆಯದು, ಕಡಿದುಹೋಗುತ್ತೆ’ ಎಂದರು. ಹೊಸ ತಂತಿ ನನ್ನ ಚೀಲದಲ್ಲೇ ಇದೆ, ನಾನೇ ಹಾಕುತ್ತೇನೆ ಎಂದೆ. ಅದಕ್ಕೂ ‘ಕೊಂಡ ಮೇಲೆ ಹಾಕಿಕೊಳ್ಳಿ’ ಎಂದರು.

ಆಗ ನೇರವಾಗಿ ಕೇಳಿದೆ: ‘ಇದರ ಕುತ್ತಿಗೆ ಯಾವಾಗಲಾದರೂ ಮುರಿದಿತ್ತೇ?’

‘ಇಲ್ಲ ಮೇಡಂ. ಒಂದು ಗೀರೂ ಇಲ್ಲ. ಇಂಥದ್ದು ಮತ್ತೆ ಸಿಗಲ್ಲ.’

ಗಿಟಾರ್‌ನ ತಲೆಯ, ಅಂದರೆ ತಂತಿ ಬಿಗಿಯುವ ಕಿವಿಗಳಿರುವ ತುದಿಯ, ಹಿಂಭಾಗದ ಮೇಲೆ ಬೆರಳಾಡಿಸಿದೆ. ನುಣುಪಾಗಿತ್ತು. ಅವರ ಮಾತನ್ನು ನಂಬಿ ಹಣ ಕೊಟ್ಟೆ.

ಮನೆಗೆ ತಂದು ಹೊಸ ತಂತಿ ಹಾಕಿದೆ. ಎ ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟು ಶ್ರುತಿ ಮಾಡಿದೆ. ದನಿ ಎಷ್ಟು ಚೆನ್ನಾಗಿತ್ತು ಅಂದರೆ, ಆ ಹುಡುಗಿಗೆ ಫೋನ್ ಮಾಡಿ ಒಂದೊಂದೇ ತಂತಿ ಮೀಟಿ ಕೇಳಿಸಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಆರೂ ತಂತಿಗಳ ಶ್ರುತಿ ಇಳಿದಿತ್ತು. ಹೊಸ ತಂತಿ ಸ್ವಲ್ಪ ಹಿಗ್ಗುತ್ತದೆ, ಅದು ಗೊತ್ತು. ತಂತಿ ಬಿಗಿಯುವ ಕಿವಿ ಜಾರಿದರೆ ಆ ಒಂದು ತಂತಿ ಮಾತ್ರ ಇಳಿಯುತ್ತದೆ, ಅದೂ ಗೊತ್ತು. ಆರೂ ತಂತಿ ಒಟ್ಟಿಗೆ, ದಿನವೂ ಇಳಿಯುತ್ತಿದ್ದರೆ ಮರವೇ ಬಾಗುತ್ತಿದೆ ಎಂದರ್ಥ. ಮೂರನೆಯ ದಿನ ರಾತ್ರಿ ‘ಚಟ್’ ಅಂತ ಸದ್ದಾಯಿತು. ಕುತ್ತಿಗೆ ತಲೆಗೆ ಸೇರುವ ಜಾಗದಲ್ಲಿ ಬಣ್ಣ ಸೀಳಿ, ಕೂದಲೆಳೆಯಂಥ ಗೆರೆ ಕಾಣಿಸಿತು. ತಕ್ಷಣ ತಂತಿಗಳನ್ನು ಸಡಿಲಿಸಿದೆ. ಗೆರೆ ಮುಚ್ಚಿಕೊಂಡಿತು.

ಆಗ ನನಗೆ ಅರ್ಥವಾಯಿತು. ಸ್ಟೀಲ್ ತಂತಿಯ ಗಿಟಾರನ್ನು ಪೂರ್ತಿ ಶ್ರುತಿಗೆ ಏರಿಸಿದರೆ ಆರು ತಂತಿ ಸೇರಿ ಸುಮಾರು 70 ಕಿಲೋ ತೂಕದಷ್ಟು ಎಳೆಯುತ್ತವೆ. ಆ ಎಳೆತ ಇಲ್ಲದಿದ್ದರೆ ಮುರಿದ ಕುತ್ತಿಗೆಯೂ ಗಟ್ಟಿಯಾಗಿಯೇ ಕಾಣುತ್ತದೆ. ನಿಮ್ಮ ಕಿಟಕಿಯಲ್ಲಿ ತಂತಿ ಸಡಿಲವಾಗಿದ್ದದ್ದು, ನನ್ನನ್ನು ಶ್ರುತಿ ಮಾಡಲು ಬಿಡದಿದ್ದದ್ದು, ಎರಡರ ಪರಿಣಾಮವೂ ಒಂದೇ ಆಯಿತು. ದೋಷ ಅಂಗಡಿಯಲ್ಲಿ ಹೊರಗೆ ಬರಲಿಲ್ಲ, ನನ್ನ ಮನೆಯಲ್ಲಿ ಬಂತು.

ಗಿಟಾರ್ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆ. ಅವರು ಬರೆದುಕೊಟ್ಟ ವರದಿಯ ಪ್ರತಿ ಈ ಪತ್ರದ ಜೊತೆ ಇದೆ. ಇಂಥ ಗಿಟಾರ್‌ಗಳ ತಲೆ ಹಿಂದಕ್ಕೆ ಬಾಗಿರುತ್ತದೆ. ಗಿಬ್ಸನ್ ಕಂಪನಿಯ ಅನೇಕ ಗಿಟಾರ್‌ಗಳಲ್ಲಿ ಈ ಬಾಗು 17 ಡಿಗ್ರಿ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್‌ನಂಥವುಗಳಲ್ಲಿ ತಲೆ ಹಿಂದಕ್ಕೆ ಬಾಗಿರುವುದಿಲ್ಲ. ಒಂದೇ ತುಂಡು ಮರದಲ್ಲಿ ತಲೆಯನ್ನು ಬಾಗಿಸಿ ಕೆತ್ತಿದಾಗ, ಆ ತಿರುವಿನಲ್ಲಿ ಮರದ ಎಳೆ ಉದ್ದಕ್ಕೂ ಓಡದೆ ಅಡ್ಡಕ್ಕೆ ತುಂಡಾಗುತ್ತದೆ. ಸಾಲದ್ದಕ್ಕೆ ಕುತ್ತಿಗೆಯ ಒಳಗಿನ ಲೋಹದ ಸರಳನ್ನು ಬಿಗಿ ಮಾಡಲು ಅಲ್ಲೇ ಒಂದು ಗುಳಿ ಕೊರೆದಿರುತ್ತಾರೆ. ಇಡೀ ಗಿಟಾರ್‌ನಲ್ಲಿ ಬಡಪಾಯಿ ಜಾಗ ಅದು. ಗಿಟಾರ್ ಬೆನ್ನಡಿಯಾಗಿ ಬಿದ್ದರೆ ಸಾಕು, ಪೆಟ್ಟಿಗೆಯೊಳಗಿದ್ದರೂ ಮುರಿಯುತ್ತದೆ. ಇದನ್ನು ಮರದ ಅಂಟು ಹಾಕಿ, ಕ್ಲಾಂಪ್ ಬಿಗಿದು ಸರಿಯಾಗಿ ಕೂಡಿಸಿದ್ದರೆ ಹತ್ತಾರು ವರ್ಷ ಹಿಡಿದು ನಿಲ್ಲುತ್ತಿತ್ತು. ಆದರೆ ಯಾರೋ ದಿಢೀರ್ ಅಂಟು ಸುರಿದಿದ್ದಾರೆ. ಈಗ ಆ ಅಂಟನ್ನೆಲ್ಲ ಕೆರೆದು ತೆಗೆಯದೆ ಮರದ ಅಂಟು ಹಿಡಿಯುವುದಿಲ್ಲ. ಕೆಲಸವೂ ಹೆಚ್ಚು, ಖರ್ಚೂ ಹೆಚ್ಚು. ಮೇಲಿನ ಬಣ್ಣ ಅಂಟಿಗಿಂತ ಹೊಸದು ಎಂದೂ ಅವರು ಬರೆದಿದ್ದಾರೆ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಕುತ್ತಿಗೆ ಮುರಿದು ಸರಿಹೋದ ಗಿಟಾರ್ ಕೊಳ್ಳಲು ನನಗೆ ಯಾವ ಬೇಸರವೂ ಇಲ್ಲ. ಅಂಥ ಎರಡನ್ನು ಕೊಂಡಿದ್ದೇನೆ. ಹಾಗಂತ ಮೊದಲೇ ಹೇಳಿದ್ದರು, ಬೆಲೆ ಅದಕ್ಕೆ ತಕ್ಕಂತೆ ಇತ್ತು, ಎರಡೂ ಚೆನ್ನಾಗಿ ನುಡಿಯುತ್ತಿವೆ. ನೀವೂ ಹೇಳಿದ್ದರೆ ಬೆಲೆ ಮಾತಾಡಿಕೊಂಡು ನೇರವಾಗಿ ರಿಪೇರಿಗೆ ಒಯ್ಯುತ್ತಿದ್ದೆ.

ಇನ್ನು ನಿಮಗೆ ಗೊತ್ತೇ ಇರಲಿಲ್ಲ ಎನ್ನುವ ಮಾತು. ಎರಡನೆಯ ಸಲ ಫೋನ್ ಮಾಡಿದಾಗ ನಿಮ್ಮವರು ಇದನ್ನೂ ಹೇಳಿದರು. ‘ನಾವು ಸಂಗೀತದವರಲ್ಲ, ನಮಗೇನು ಗೊತ್ತಾಗುತ್ತೆ?’ ನಾನು ನಂಬಿದೆ. ಗಿರವಿ ಅಂಗಡಿಗೆ ಚಿನ್ನ ಬರುತ್ತದೆ, ಕ್ಯಾಮೆರಾ ಬರುತ್ತದೆ, ಗಡಿಯಾರ ಬರುತ್ತದೆ. ಎಲ್ಲವೂ ಎಲ್ಲರಿಗೂ ಗೊತ್ತಿರಬೇಕು ಎಂದರೆ ತಪ್ಪು. ಆ ದಿನ ಸುಮ್ಮನಾದೆ.

ಆಮೇಲೆ ಗಿಟಾರ್ ಪೆಟ್ಟಿಗೆಯ ಒಳಜೇಬನ್ನು ಒರೆಸಿ ಶುಚಿ ಮಾಡುವಾಗ ಮಡಚಿದ ಒಂದು ಚೀಟಿ ಸಿಕ್ಕಿತು. ನಿಮ್ಮದೇ ಅಂಗಡಿಯ ಗಿರವಿ ಚೀಟಿ. ಈ ಗಿಟಾರನ್ನು ಅಡ ಇಟ್ಟುಕೊಂಡ ದಿನ ಬರೆದದ್ದು. ಸೀರಿಯಲ್ ನಂಬರ್ ಗಿಟಾರ್ ಮೇಲಿನ ನಂಬರಿಗೆ ಸರಿಯಾಗಿ ಹೊಂದುತ್ತದೆ. ವಸ್ತುವಿನ ಸ್ಥಿತಿ ಎಂಬ ಕಡೆ ನಿಮ್ಮವರ ಕೈಬರಹ ಹೀಗಿದೆ: ‘ತಲೆ ಹಿಂದೆ ಬಿರುಕು, ಅಂಟು ಹಾಕಿದೆ. ಬೆಲೆ ಅರ್ಧ.’

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಿಮ್ಮವರಿಗೆ ಬಿರುಕು ಗೊತ್ತಿತ್ತು. ಗೊತ್ತಿದ್ದದ್ದಷ್ಟೇ ಅಲ್ಲ, ಅದನ್ನು ಲೆಕ್ಕಕ್ಕೂ ಹಿಡಿದಿದ್ದರು. ಗಿಟಾರ್ ತಂದವರು ಕಷ್ಟದಲ್ಲಿದ್ದರು, ಇಲ್ಲದಿದ್ದರೆ ತಾವು ನುಡಿಸುವ ವಾದ್ಯವನ್ನು ಯಾರು ಅಡ ಇಡುತ್ತಾರೆ? ಅವರಿಗೆ ಬಿರುಕು ತೋರಿಸಿ ಅರ್ಧ ಬೆಲೆ ಕಟ್ಟಿದಿರಿ. ಅವರಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಅವಧಿ ಮೀರಿತು, ಗಿಟಾರ್ ನಿಮ್ಮದಾಯಿತು. ನನಗೆ ಮಾರುವಾಗ ಅದೇ ಬಿರುಕು ಇಲ್ಲ ಎಂದಿರಿ, ಪೂರ್ತಿ ಬೆಲೆ ತೆಗೆದುಕೊಂಡಿರಿ. ಒಂದೇ ಬಿರುಕಿಗೆ ಇಬ್ಬರಿಂದ ಹಣ ಬಂದಂತಾಯಿತು ಅಲ್ವಾ?

ಬಣ್ಣ ಯಾರು ಬಳಿದರು ಎಂದು ನಾನು ಹೇಳಲಾರೆ. ಆದರೆ ಚೀಟಿ ಬರೆದ ದಿನ ಬಿರುಕು ಕಣ್ಣಿಗೆ ಕಾಣುತ್ತಿತ್ತು. ನಾನು ಕೊಂಡ ದಿನ ಕಾಣುತ್ತಿರಲಿಲ್ಲ. ನಡುವೆ ಗಿಟಾರ್ ಇದ್ದದ್ದು ನಿಮ್ಮ ಬಳಿಯೇ.

‘ಇದ್ದ ಹಾಗೇ ಮಾರಾಟ’ ಎಂಬ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಹಳೆಯ ವಸ್ತು ಎಂದ ಮೇಲೆ ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿಲ್ಲದ ದೋಷ ಇದ್ದೇ ಇರುತ್ತದೆ. ಅದನ್ನು ಕೊಳ್ಳುವವರು ಹೊರಬೇಕು, ಸರಿ. ಮಾರುವವರು ಕಣ್ಣಾರೆ ಕಂಡು, ಕೈಯಾರೆ ಬರೆದು, ಕೇಳಿದಾಗ ಇಲ್ಲ ಎಂದ ದೋಷಕ್ಕೂ ಅದೇ ಮಾತು ಹೇಗೆ ಹೊಂದುತ್ತದೆ? ‘ಇದ್ದ ಹಾಗೇ’ ಅಂದರೆ ಹೇಗಿತ್ತೋ ಹಾಗೆ. ಇದು ಬಿರುಕು ಇದ್ದ ಗಿಟಾರ್. ನನಗೆ ಬಿರುಕು ಇಲ್ಲದ ಗಿಟಾರ್ ಅಂತ ಮಾರಿದಿರಿ.

ಚೀಟಿಯಲ್ಲಿ ಅಡ ಇಟ್ಟವರ ಹೆಸರು, ವಿಳಾಸವೂ ಇತ್ತು. ಅವೆರಡನ್ನೂ ಮುಚ್ಚಿ ಫೋಟೋ ತೆಗೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ದಯವಿಟ್ಟು ಮಾರುವ ಮೊದಲು ಪೆಟ್ಟಿಗೆಗಳ ಜೇಬು ನೋಡಿ. ಯಾರದೋ ಕಷ್ಟದ ದಿನದ ಕಾಗದ ಗುರುತಿಲ್ಲದವರ ಕೈಗೆ ಹೋಗಬಾರದು.

ಮೂರನೆಯ ಸಲ ನಾನೇ ಬಂದಾಗ ಗೋಡೆಯಲ್ಲಿ ಒಂದು ಪಿಟೀಲು ನೇತಾಡುತ್ತಿತ್ತು. ‘ಅಸಲಿ ಸ್ಟ್ರಾಡಿವೇರಿಯಸ್’ ಎಂದು ಅದರ ಮೇಲೆ ಬರೆದಿದ್ದಿರಿ. ಸ್ಟ್ರಾಡಿವೇರಿಯಸ್ ಅಂದರೆ ಹೆಸರಾಂತ ಪಿಟೀಲು ತಯಾರಕ ಅಂತೋನಿಯೋ ಸ್ಟ್ರಾಡಿವರಿ ಮಾಡಿದ ವಾದ್ಯ. ಅವರು ತೀರಿಕೊಂಡದ್ದು 1737ರಲ್ಲಿ. ಅವರು ಮಾಡಿದ ವಾದ್ಯಗಳಲ್ಲಿ ಈಗ ಉಳಿದಿರುವುದು ಸುಮಾರು 650. ಅವರ ಹೆಸರಿನ ಚೀಟಿಯನ್ನು ಕಾರ್ಖಾನೆಗಳು ರಾಶಿರಾಶಿ ಪಿಟೀಲುಗಳ ಒಳಗೆ ಅಂಟಿಸಿವೆ. ಆ ಮಾದರಿಯದು ಎಂದು ಹೇಳಲು ಹಾಕಿದ್ದು ಅದು. ನಿಮ್ಮ ಪಿಟೀಲಿನ ಚೀಟಿಯ ಕೆಳತುದಿಯಲ್ಲಿ ಇಂಗ್ಲಿಷಿನಲ್ಲಿ ‘ಮೇಡ್ ಇನ್ ಜರ್ಮನಿ’ ಎಂದೂ ಇದೆ. ಆಮದು ವಸ್ತುವಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕು ಎಂದು ಅಮೆರಿಕ ಕಾನೂನು ಮಾಡಿದ್ದು 1890ರಲ್ಲಿ. ಇಂಥ ಬರಹ ಪಿಟೀಲುಗಳಲ್ಲಿ ಸಾಮಾನ್ಯವಾದದ್ದು ಆಮೇಲೆಯೇ. ಸ್ಟ್ರಾಡಿವರಿ ಇದ್ದದ್ದು ಇಟಲಿಯ ಕ್ರೆಮೋನಾದಲ್ಲಿ. ಅದು ಒಳ್ಳೆಯ ಅಭ್ಯಾಸದ ಪಿಟೀಲೇ ಇರಬಹುದು. ಹಾಗೆಂದೇ ಬರೆಯಿರಿ, ಕೊಳ್ಳುವವರು ಇದ್ದಾರೆ.

ನನಗೆ ಬೇಕಾದದ್ದು ಇಷ್ಟು. ಗಿಟಾರ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಅದು ಒಂದು ಮಗುವಿನ ವರ್ಷದ ಉಳಿತಾಯ. ಅದರಲ್ಲಿ ಒಂದು ಪೈಸೆಯೂ ಕಡಿಮೆಯಾಗಬಾರದು. ರಿಪೇರಿಯವರು ಪರೀಕ್ಷಿಸಿದ್ದಕ್ಕೆ ನಾನು ಕೊಟ್ಟ ಶುಲ್ಕವನ್ನೂ ಕೊಡಿ, ರಸೀದಿ ಲಗತ್ತಿಸಿದ್ದೇನೆ. ಬದಲಿಗೆ ಬೇರೆ ಗಿಟಾರ್ ಕೊಡುತ್ತೇವೆ ಎಂದು ನೀವು ಹೇಳಬಹುದು. ಅದು ಬೇಡ. ಈ ಗಿಟಾರನ್ನು ಮತ್ತೆ ಮಾರುವುದಾದರೆ ಕುತ್ತಿಗೆ ಮುರಿದಿದೆ ಎಂದು ಬರೆದೇ ಮಾರಿ. ಇನ್ನೊಬ್ಬರ ಮನೆಗೆ ಇದೇ ‘ಚಟ್’ ಸದ್ದು ಹೋಗುವುದು ಬೇಡ.

ಇದರ ಜೊತೆಗೆ ಒಂದು ಬದಲಾವಣೆ ಕೇಳುತ್ತೇನೆ. ಅಡ ಇಟ್ಟುಕೊಳ್ಳುವಾಗ ವಸ್ತುವಿನ ಸ್ಥಿತಿ ಅಂತ ಏನು ಬರೆಯುತ್ತೀರೋ, ಅದೇ ಸಾಲನ್ನು ಮಾರಾಟದ ಚೀಟಿಯ ಮೇಲೂ ಬರೆಯಿರಿ. ನಿಮಗೆ ಖರ್ಚಿಲ್ಲ, ಹೊಸದಾಗಿ ಕಲಿಯುವುದೂ ಇಲ್ಲ, ಬರೆದದ್ದು ಆಗಲೇ ಇದೆ. ವಾದ್ಯ ಕೊಳ್ಳಲು ಬಂದವರಿಗೆ ಹತ್ತು ನಿಮಿಷ ಶ್ರುತಿ ಮಾಡಿ ನುಡಿಸಲು ಬಿಡಿ, ತಂತಿ ಕಡಿದರೆ ಅವರೇ ಕೊಡಲಿ. ಮರದ ವಾದ್ಯಗಳನ್ನು ಆ ಬಿಸಿಲಿನ ಕಿಟಕಿಯಿಂದ ತೆಗೆಯಿರಿ. ಗಾಜಿನ ಹಿಂದಿನ ಕಾವಿಗೆ ಅಂಟು ಮೆತ್ತಗಾಗುತ್ತದೆ, ಒಣಗಿದ ಹಲಗೆ ಸೀಳುತ್ತದೆ. ಆ ಕಿಟಕಿಯಲ್ಲಿ ಇನ್ನೂ ಒಂದು ಮ್ಯಾಂಡೊಲಿನ್ ಇದೆ. ಅದನ್ನು ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ಗಿರವಿ ಚೀಟಿ, ಬಿಲ್ಲು, ರಿಪೇರಿಯವರ ವರದಿ, ಫೋಟೋಗಳನ್ನು ಗ್ರಾಹಕರ ದೂರು ಕೇಳುವವರ ಮುಂದೆ ಇಡುತ್ತೇನೆ. ಗಿರವಿ ಚೀಟಿಯ ಮೂಲ ಪ್ರತಿ ನನ್ನ ಬಳಿಯೇ ಇರುತ್ತದೆ. ಹಣ ಸಂದಾಯವಾದ ದಿನ ನಿಮಗೆ ಒಪ್ಪಿಸುತ್ತೇನೆ.

ಸದ್ಯಕ್ಕೆ ಆ ಹುಡುಗಿ ನನ್ನ ಗಿಟಾರ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ನಿಮ್ಮ ಗಿಟಾರ್ ತಂತಿ ಸಡಿಲಿಸಿಕೊಂಡು, ತಲೆಯ ಕೆಳಗೆ ಮಡಚಿದ ಬಟ್ಟೆ ಇಟ್ಟುಕೊಂಡು ಪೆಟ್ಟಿಗೆಯಲ್ಲಿ ಮಲಗಿದೆ. ಯಾವ ದಿನ ತರಲಿ ಎಂದು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ಗಿರವಿ ಚೀಟಿಯ ಫೋಟೋ, ರಿಪೇರಿಯವರ ವರದಿ ಮತ್ತು ರಸೀದಿ, ಬಿರುಕಿನ ಫೋಟೋಗಳು