ಮೊದಲು ಶ್ರುತಿ ಕೂಡಲಿ

ಮಾನ್ಯರೇ,

ಸಂಗೀತ ಚಿಕಿತ್ಸೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಕಾಯಿಲೆಗೊಂದು ರಾಗ ಅನ್ನೋ ಪಟ್ಟಿ ಯಾಕೋ ಒಪ್ಪಿಗೆಯಾಗಲಿಲ್ಲ.

ನಾನು ಮನೆಯಲ್ಲಿ ಸಂಗೀತ ಪಾಠ ಹೇಳುವವಳು. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದರ ತಂತಿ ಮೇಲೆ ಕಾಗದದ ಚೂರು ಮಡಚಿ ಕೂರಿಸುತ್ತೇನೆ. ಇನ್ನೊಂದರ ಅದೇ ತಂತಿ ಮೀಟಿದರೆ ಮುಟ್ಟದ ತಂತಿ ನಡುಗಿ ಕಾಗದ ಉದುರುತ್ತದೆ. ಮಕ್ಕಳಿಗೆ ಪಾಠಕ್ಕಿಂತ ಇದೇ ಜಾಸ್ತಿ ಇಷ್ಟ! ಬಿರಡೆ ತಿರುಗಿಸಿ ಶ್ರುತಿ ತಪ್ಪಿಸಿದರೆ ಕಾಗದ ಸುಮ್ನೆ ಕೂತಿರುತ್ತದೆ. ಅನುರಣನ ಅಂದರೆ ಇದೇ ಅಲ್ವಾ?

ಮನಸ್ಸೂ ಹೀಗೇ ಅನಿಸುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆ ಮಾತೇ ಬಿಟ್ಟಿದ್ದರು. ಲವಲವಿಕೆಯ ಹಾಡು ಹಾಕಿದೆ. "ಆರಿಸಮ್ಮ" ಅಂದು ಗೋಡೆ ಕಡೆ ತಿರುಗಿದರು. ಆಮೇಲೆ ಪಕ್ಕದಲ್ಲಿ ಕೂತು, ಅವರ ಉಸಿರಿನ ನಡೆಗೇ ದುಃಖದ ಛಾಯೆಯ ಮುಖಾರಿ ರಾಗ ಗುನುಗತೊಡಗಿದೆ. ನಾಲ್ಕನೇ ಸಂಜೆ ಅವರೆಕಾಯಿ ಸುಲಿಯುತ್ತಾ ಅವರೇ ‘ಸ’ ಅಂತ ಷಡ್ಜ ಹಿಡಿದರು.

ಚಿಕಿತ್ಸಕರೂ ಮೊದಲು ರೋಗಿಯ ಮನಸ್ಸಿಗೆ ಹೊಂದುವ ಸಂಗೀತದಿಂದ ಶುರುಮಾಡಿ, ನಿಧಾನವಾಗಿ ಬದಲಿಸುವುದುಂಟು. ಐಸೋ ತತ್ವ ಅನ್ನುತ್ತಾರೆ. ಪಟ್ಟಿಯ ಬದಲು ಇದನ್ನು ಬರೆಸಿ.

ಅತ್ತೆಗೂ ನನಗೂ ಸಾರಿನ ಉಪ್ಪಿನ ಜಗಳ ಈಗಲೂ ಇದೆ, ಬಿಡಿ.

– ಒಬ್ಬ ಸೊಸೆ, ಚಿಕ್ಕಪೇಟೆ, ತುಮಕೂರು